ಒಂದೇ ಮನೆಗೆ ಎರಡು ಹಾಲ್ ಟಿಕೆಟ್

ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಕೃಪಾ ಫೇಲಾದ ದಿನವೇ, ಅವಳ ಅಮ್ಮ ಮಂಜುಶ್ರೀ ಕೂಡ ಈ ವರ್ಷ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಾಳೆಂಬ ಸಂಗತಿ ಮನೆಯವರಿಗೆ ಗೊತ್ತಾಯಿತು.

ಮಧ್ಯಾಹ್ನದ ಊಟದ ಹೊತ್ತು. ಶ್ರೀಧರ್ ಮುದ್ದೆ ಮುರಿದು ಸೊಪ್ಪಿನ ಸಾರಿಗೆ ಅದ್ದುತ್ತ ಮಗಳನ್ನು ಬಯ್ಯುತ್ತಿದ್ದ. ಎಂಬತ್ತಕ್ಕೆ ಹತ್ತೊಂಬತ್ತು. ಉಳಿದ ಎಲ್ಲ ವಿಷಯದಲ್ಲೂ ಚೆನ್ನಾಗಿಯೇ ತೆಗೆದಿರುವ ಹುಡುಗಿ ಗಣಿತದಲ್ಲಿ ಹೀಗೇಕೆ ಎಂಬುದು ಅವನಿಗೆ ತಿಳಿಯದು. ಕೃಪಾ ತಟ್ಟೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದಳು. ಆಗ ಫೋನ್ ಬಂತು.

ಕುಂದಲಹಳ್ಳಿಯಲ್ಲಿ ಶ್ರೀಧರನಿಗೆ ಮೂರು ನೀರಿನ ಟ್ಯಾಂಕರ್‌ಗಳಿದ್ದವು. ಫೆಬ್ರವರಿ ಬಂತೆಂದರೆ ಸುತ್ತಲಿನ ಅಪಾರ್ಟ್‌ಮೆಂಟು, ಪೀಜಿಗಳ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಡುತ್ತಿದ್ದವು. ಅಲ್ಲಿಂದ ಮಳೆ ಬೀಳುವ ತನಕ ಆ ಫೋನಿಗೆ ಬಿಡುವಿಲ್ಲ. ಹಗಲಿಡೀ ಅದು ಮಂಜುಶ್ರೀಯ ಕೈಯಲ್ಲಿರುತ್ತಿತ್ತು. ಯಾರಿಗೆ ಯಾವ ಗಾಡಿ, ಮೊದಲು ಯಾರಿಗೆ, ಆಮೇಲೆ ಯಾರಿಗೆ ಎಂದು ಗೊತ್ತುಮಾಡುವವಳು ಅವಳೇ. ಗಂಡ ಊಟಕ್ಕೆ ಬಂದಾಗ ಮಾತ್ರ ಅವನೇ ಎತ್ತುತ್ತಿದ್ದ.

"ಹಲೋ, ಎಲ್ಲಿಗೆ ಸಾರ್ ನೀರು?" ಅಂದ. ಆಮೇಲೆ, "ಹೌದು ಸಾರ್, ಮಂಜುಶ್ರೀ ನಮ್ಮನೆಯವ್ರೇ... ಫೋಟೋನಾ? ಯಾವ ಫೋಟೋ?... ಇಲ್ಲ ಸಾರ್, ನಮ್ಮ ಮಗಳು ಓದೋದು ಬೇರೆ ಸ್ಕೂಲು," ಅಂದ. ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನನ್ನು ತಟ್ಟೆಯ ಪಕ್ಕ ಇಟ್ಟ.

"ಸರ್ಕಾರಿ ಹೈಸ್ಕೂಲಿಂದ. ನಿನ್ನ ಫೋಟೋ ಮಸುಕಾಗಿದೆಯಂತೆ, ಇನ್ನೊಂದು ಬೇಕಂತೆ. ಹಾಲ್ ಟಿಕೆಟ್‌ಗೆ."

ಬಾಗಿಲ ಪಕ್ಕ ಕಾಲು ಚಾಚಿ ಕೂತು ಉಣ್ಣುತ್ತಿದ್ದ ಅವನ ತಾಯಿ ವೆಂಕಟಮ್ಮ, "ಅದ್ಯಾಕೆ ಇವಳ ಪೋಟೋ? ಬರೆಯೋಳು ಕೃಪ ಅಲ್ವಾ?" ಅಂದಳು.

ಮಂಜುಶ್ರೀ ಸೌಟು ಹಿಡಿದು ನಿಂತಿದ್ದಳು. "ಪ್ರೈವೇಟಾಗಿ ಕಟ್ಟಿದೀನಿ ಅತ್ತೆ," ಅಂದಳು. "ಮೇಲ್ಗಡೆ ಮನೆ ಶೈಲಾ ಮಿಸ್ ಕಟ್ಟಿಸಿಕೊಟ್ರು."

ಮಂಜುಶ್ರೀ ಆನೇಕಲ್ ಕಡೆಯ ಹಳ್ಳಿಯವಳು. ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ಶ್ರೀಧರನ ಅಪ್ಪ ನರಸಪ್ಪನವರಿಗೆ ಕಾಯಿಲೆಯಾಗಿ, ಮಗನ ಮದುವೆ ನೋಡಿಯೇ ಕಣ್ಣು ಮುಚ್ಚುತ್ತೇನೆ ಎಂದು ಹಟ ಹಿಡಿದರು. ಪರೀಕ್ಷೆಗೆ ಕೂರುವ ಮೊದಲೇ ಹುಡುಗಿಯ ಕೊರಳಿಗೆ ತಾಳಿ ಬಿತ್ತು. ನರಸಪ್ಪನವರು ಆಮೇಲೆ ಹತ್ತು ವರ್ಷ ಆರಾಮವಾಗಿ ಬದುಕಿದರು. ಈಗ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಮಕ್ಕಳ ಶಾಲೆ ಶುರುವಾಗಿತ್ತು. ಅಲ್ಲಿಯ ಆಯಾ ರಜೆ ಹಾಕಿದಾಗ ಮಂಜುಶ್ರೀ ಒಂದು ವಾರ ಹೋಗಿ ಮಕ್ಕಳನ್ನು ನೋಡಿಕೊಂಡಿದ್ದಳು. ಮಕ್ಕಳು ಅವಳಿಗೆ ಹೊಂದಿಕೊಂಡುಬಿಟ್ಟಿದ್ದವು. "ಎಸ್ಸೆಸ್ಸೆಲ್ಸಿ ಒಂದಾಗಿದ್ರೆ ನಾನೇ ಟ್ರೈನಿಂಗ್ ಕೊಡಿಸಿ ಟೀಚರ್ ಮಾಡ್ತಿದ್ದೆ ಕಣ್ರೀ," ಎಂದು ಶಾಲೆ ನಡೆಸುವ ಮೇಡಂ ಅಂದಿದ್ದರು. ಆ ಮಾತನ್ನು ಮಂಜುಶ್ರೀ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಈಗ ಹೇಳಿದಳು. ಯಾರಿಗೂ ರುಚಿಸಲಿಲ್ಲ.

"ಈ ವರ್ಷ ಬಿಡು," ಅಂದ ಶ್ರೀಧರ್. "ಮೊದ್ಲು ಇವಳದ್ದು ಮುಗೀಲಿ. ನೋಡಿದ್ಯಲ್ಲ ಮಾರ್ಕ್ಸು."

"ಇವಳದ್ದು ಮುಗಿದ್ಮೇಲೆ ಪಿಯುಸಿ ಬರುತ್ತೆ. ಅದಾದ್ಮೇಲೆ ಸಿಇಟಿ ಅಂತೀರ. ನನ್ನ ವರ್ಷ ಯಾವ್ದು ರೀ?"

"ಬಾಡಿಗೆಮನೆಯೋರೆಲ್ಲ ನಗ್ತಾರೆ. ಓನರ್ ಹೆಂಡ್ತಿ ಮಗಳ ಜೊತೆ ಪರೀಕ್ಷೆ ಬರೀತಾಳೆ ಅಂತ."

"ನಗ್ಲಿ ಬಿಡಿ."

ಕೃಪಾ ತಟ್ಟೆ ತಳ್ಳಿ ಎದ್ದಳು. "ನನ್ ಫ್ರೆಂಡ್ಸ್‌ಗೆ ಗೊತ್ತಾದ್ರೆ ನಾನು ಸ್ಕೂಲಿಗೇ ಹೋಗಲ್ಲಮ್ಮ. ನಿಂಗೆ ನಾಚ್ಕೆ ಆಗಲ್ವಾ?"

ಮಗಳು ಅರ್ಧಕ್ಕೆ ಬಿಟ್ಟ ಮುದ್ದೆಯನ್ನು ಮಂಜುಶ್ರೀ ತಾನೇ ತಿಂದು ತಟ್ಟೆ ತೊಳೆದಿಟ್ಟಳು. ಸಂಜೆ ಫೋಟೋ ತೆಗೆಸಲು ಹೋದಳು.

ಮೇಲಿನ ಮನೆಯ ಶೈಲಾ ಮಿಸ್ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಆರು ವರ್ಷದಿಂದ ಇವರ ಮನೆಯಲ್ಲಿ ಬಾಡಿಗೆಗಿದ್ದರು. ಶ್ರೀಧರನೇ ಹೋಗಿ, "ಮಿಸ್, ಬೆಳಗ್ಗೆ ಸಂಜೆ ಎರಡು ಹೊತ್ತೂ ಕೂರಿಸಿ, ಎಷ್ಟಾದ್ರೂ ಲೆಕ್ಕ ಮಾಡ್ಸಿ," ಎಂದು ಕೈಮುಗಿದು ಮಗಳನ್ನು ಒಪ್ಪಿಸಿ ಬಂದ. ಮಿಸ್ ಲೆಕ್ಕ ಮಾಡಿಸಲಿಲ್ಲ. ಕೃಪಾಳ ಉತ್ತರಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ನೋಡಿದರು.

"ಇದು ಯಾಕೆ ಬರೀಲಿಲ್ಲ?"

"ಗೊತ್ತಿತ್ತು ಮಿಸ್. ಎಲ್ಲಾ ಅರ್ಥ ಆಗಿದೆ ನಂಗೆ. ವಿಡಿಯೋ ಪೂರ್ತಿ ನೋಡಿದೀನಿ. ಹಾಲ್‌ನಲ್ಲಿ ಬರ್ಲಿಲ್ಲ ಅಷ್ಟೇ."

ಮಿಸ್ ಪಠ್ಯಪುಸ್ತಕ ತೆರೆದು, ಬಿಡಿಸಿ ತೋರಿಸಿದ ಒಂದು ಸುಲಭದ ಲೆಕ್ಕವನ್ನು ಓದಿಸಿದರು. "ಅರ್ಥ ಆಯ್ತಾ?" ಅಂದರು. ಆಯ್ತು ಅಂದಳು. ಪುಸ್ತಕ ಮುಚ್ಚಿ ಖಾಲಿ ಹಾಳೆ ಕೊಟ್ಟರು. "ಅದನ್ನೇ ಮಾಡು."

ಕೃಪಾ ಮೊದಲ ಸಾಲು ಬರೆದಳು. ಎರಡನೆಯದು ಅರ್ಧ ಬರೆದು ಪೆನ್ನು ಕಚ್ಚಿದಳು. ಈಗಷ್ಟೇ ಕಣ್ಣೆದುರಿಗಿದ್ದದ್ದು ಎಲ್ಲಿ ಹೋಯಿತೋ.

"ನೀನು ಇಷ್ಟು ದಿನ ಲೆಕ್ಕ ನೋಡಿದೀಯ, ಮಾಡಿಲ್ಲ," ಅಂದರು ಮಿಸ್. "ಇನ್ನೊಬ್ರು ಈಜೋದನ್ನ ದಡದಲ್ಲಿ ಕೂತು ನೋಡಿದ ಹಾಗೆ. ಇನ್ಮೇಲೆ ಹೊಸ ಲೆಕ್ಕ ಬೇಡ. ತಪ್ಪಾಗಿರೋದನ್ನೆಲ್ಲ ಬೇರೆ ಬೇರೆ ಮಾಡು. ಗೊತ್ತೇ ಇಲ್ದೆ ತಪ್ಪಾಗಿದ್ದು ಯಾವ್ದು, ಗೊತ್ತಿದ್ದೂ ಕೈತಪ್ಪಿದ್ದು ಯಾವ್ದು, ಟೈಮ್ ಸಾಲ್ದೆ ಬಿಟ್ಟಿದ್ದು ಯಾವ್ದು. ಮೂರಕ್ಕೂ ಒಂದೇ ಔಷಧಿ ಅಲ್ಲ. ಪ್ರತಿ ಭಾನುವಾರ ವಾಚಿಟ್ಟು ಪೂರ್ತಿ ಪೇಪರ್ ಬರಿ, ಮಧ್ಯದಲ್ಲಿ ಏಳಬಾರ್ದು. ಮತ್ತೆ ಕಲಿತಿದ್ದನ್ನ ದಿನಾ ಯಾರಿಗಾದ್ರೂ ಹೇಳ್ಕೊಡು. ನಿಮ್ಮಮ್ಮ ಇದಾರಲ್ಲ, ಅವ್ರಿಗೇ ಹೇಳು. ಅವ್ರಿಗೂ ಬೇಕು."

"ಅಮ್ಮಂಗಾ?" ಕೃಪಾ ಮುಖ ಗಂಟಿಕ್ಕಿದಳು. "ಅವ್ರದ್ದು ಕನ್ನಡ ಮೀಡಿಯಂ ಮಿಸ್."

"ತ್ರಿಭುಜಕ್ಕೆ ಯಾವ ಮೀಡಿಯಮ್ಮು?"

ಕೃಪಾ ಅಮ್ಮನಿಗೆ ಹೇಳಲಿಲ್ಲ. ಕನ್ನಡಿಯ ಮುಂದೆ ನಿಂತು ತನಗೆ ತಾನೇ ಹೇಳಿಕೊಂಡಳು. ಕನ್ನಡಿ ಎಲ್ಲದಕ್ಕೂ ತಲೆದೂಗಿತು.

ಮಂಜುಶ್ರೀ ಮುಂಜಾನೆ ಎದ್ದು ಓದುತ್ತಿದ್ದಳು. ಕನ್ನಡ, ಸಮಾಜ, ವಿಜ್ಞಾನ ಅವಳಿಗೆ ಭಾರವೆನಿಸಲಿಲ್ಲ. ಗಣಿತಕ್ಕೆ ಕೂತಾಗಲೇ ಹಾಲಿನವನು ಕೂಗುತ್ತಿದ್ದ, ನೀರಿನ ಫೋನ್ ಶುರುವಾಗುತ್ತಿತ್ತು. ಒಂದು ಕೈಯಲ್ಲಿ ಸಮೀಕರಣ, ಇನ್ನೊಂದು ಕೈಯಲ್ಲಿ ಫೋನು. "ಅಕ್ಕ, ಟ್ಯಾಂಕ್ ಖಾಲಿ, ಜನ ಬೈತಾವ್ರೆ," ಎಂದು ಪೀಜಿಯವರು ಬೇಡುವಾಗ ಅವಳ ಎಕ್ಸ್ ಎಲ್ಲೋ, ವೈ ಎಲ್ಲೋ. ಒಂದು ದಿನ ಪಟ್ಟಂದೂರು ಅಗ್ರಹಾರಕ್ಕೆ ಹೋಗಬೇಕಾದ ಗಾಡಿಯನ್ನು ಬೇರೆ ಕಡೆಗೆ ಕಳಿಸಿಬಿಟ್ಟಳು. ಎರಡು ಕಡೆಯವರೂ ಶ್ರೀಧರನಿಗೆ ಬೈದರು. ಚಾಲಕ ಮರೆಪ್ಪ, "ಅಕ್ಕಾರದ್ದೇನ್ ತಪ್ಪಿಲ್ರಿ, ನಾನೇ ಇನ್ನೊಮ್ಮೆ ಕೇಳಬೇಕಿತ್ತು," ಎಂದು ಸಮಾಧಾನ ಮಾಡಲು ನೋಡಿದ. ಶ್ರೀಧರ್ ಮನೆಗೆ ಬಂದವನೇ ಹೆಂಡತಿಯ ಕೈಯಿಂದ ಫೋನ್ ಕಿತ್ತುಕೊಂಡ.

"ನಿನ್ನ ತಲೆ ಮನೇಲಿಲ್ಲ. ನಾನೇ ನೋಡ್ಕೋತೀನಿ."

"ಕೊಡಿ, ಇನ್ನೊಂದ್ಸಲ ಹಂಗಾಗಲ್ಲ."

"ಆಗೋದು ಬೇಡ."

ಫೋನ್ ಹೋದದ್ದರಿಂದ ಓದಲು ಸ್ವಲ್ಪ ಹೊತ್ತು ಸಿಕ್ಕಿತು. ಆದರೆ ಅಡುಗೆಮನೆ ಅವಳನ್ನು ಬಿಡಲಿಲ್ಲ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಇನ್ನೊಂದು ದಿನ ಅನ್ನ ತಳ ಹಿಡಿಯಿತು. ಮೊಣಕಾಲು ನೋವಿನ ವೆಂಕಟಮ್ಮನಿಗೆ ಹಸಿವು ತಡೆಯುತ್ತಿರಲಿಲ್ಲ. ಮಾರ್ಚ್ ಮೊದಲ ವಾರ, ಹನ್ನೊಂದು ಗಂಟೆಯಾದರೂ ಒಲೆ ಹತ್ತದಿರುವುದನ್ನು ಕಂಡು ಅವಳು ಗೋಡೆ ಹಿಡಿದು ಎದ್ದು ಅಡುಗೆಮನೆಗೆ ನಡೆದಳು.

"ಅತ್ತೆ, ಇದೊಂದು ಲೆಕ್ಕ, ಬಂದ್ಬಿಟ್ಟೆ," ಅಂದಳು ಮಂಜುಶ್ರೀ ಒಳಗಿನಿಂದ.

"ನೀನು ಓದ್ಕ ತಾಯಿ. ಈ ಮನೆ ಮುದ್ದೆ ನಾನೇನ್ ತಿರುವದೆ ಇರಾಕಿಲ್ವಾ? ನಲವತ್ತು ವರ್ಸ ತಿರುವಿವ್ನಿ."

ಎಸರು ಕುದಿಯುವ ಪಾತ್ರೆಯನ್ನು ಒಲೆಯಿಂದ ಇಳಿಸಿ ಕಾಲುಗಳ ನಡುವೆ ಇಟ್ಟು ಕೋಲಿನಿಂದ ತಿರುವುವಾಗ ಮೊಣಕಾಲು ಜೋಮು ಹಿಡಿದು ಮುದುಕಿ ವಾಲಿದಳು. ಪಾತ್ರೆ ಮಗುಚಿತು. ಕುದಿಯುವ ಅಂಬಲಿ ಅವಳ ಎಡಪಾದದ ಮೇಲೆ ಸುರಿಯಿತು. ಮಂಜುಶ್ರೀ ಓಡಿ ಬರುವಷ್ಟರಲ್ಲಿ ವೆಂಕಟಮ್ಮ ನೆಲದ ಮೇಲೆ ಕೂತು, ಕೂಗಲೂ ಆಗದೆ ಬಾಯಿ ತೆರೆದುಕೊಂಡಿದ್ದಳು.

ಆಸ್ಪತ್ರೆಯಲ್ಲಿ ಪಾದಕ್ಕೆ ಪಟ್ಟಿ ಕಟ್ಟಿದರು. ಸಕ್ಕರೆ ಕಾಯಿಲೆ ಇರುವುದರಿಂದ ಗಾಯ ಬೇಗ ಮಾಯುವುದಿಲ್ಲ, ದಿನವೂ ತೊಳೆದು ಕಟ್ಟಬೇಕು ಅಂದರು ಡಾಕ್ಟರು. ಮನೆಗೆ ಬಂದು ತಾಯಿಯನ್ನು ಮಂಚದ ಮೇಲೆ ಮಲಗಿಸಿದ ಮೇಲೆ ಶ್ರೀಧರ್ ಕೂಗಾಡಲಿಲ್ಲ. ಮೆಲ್ಲಗೆ ಅಂದ:

"ನಿನ್ನ ಪುಸ್ತಕ ನಮ್ಮವ್ವನ ಕಾಲು ಸುಡ್ತು ಮಂಜು. ಇನ್ನೂ ಯಾರನ್ನ ಸುಡಬೇಕು?"

ಮಂಜುಶ್ರೀ ಪುಸ್ತಕಗಳನ್ನೆಲ್ಲ ಹಳೆಯ ಸೀರೆಯೊಂದರಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿದಳು. ಮಾರನೆಯ ದಿನದಿಂದ ಹೊತ್ತಿಗೆ ಸರಿಯಾಗಿ ಮುದ್ದೆ, ಹೊತ್ತಿಗೆ ಸರಿಯಾಗಿ ಸಾರು. ಅತ್ತೆಯ ಪಾದ ತೊಳೆದು, ಮುಲಾಮು ಸವರಿ, ಪಟ್ಟಿ ಸುತ್ತುವಳು. ಮಾತು ಮಾತ್ರ ಇಲ್ಲ. ಕೃಪಾಳಿಗೆ ಮೊದಲು ನಿರಾಳವೆನಿಸಿತು. ಇನ್ನು ಸ್ಕೂಲಿನಲ್ಲಿ ಯಾರಿಗೂ ಗೊತ್ತಾಗುವ ಭಯವಿಲ್ಲ. ಆದರೆ ಅಮ್ಮ ಬಡಿಸುವಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಆ ಭಾನುವಾರ ವಾಚಿಟ್ಟು ಬರೆದ ಪೇಪರಿನಲ್ಲಿ ಕೃಪಾಳಿಗೆ ಮೂವತ್ತೊಂದು ಬಂತು. ಪಾಸೇನೋ ಹೌದು. ಪ್ರಮೇಯದ ಸಾಧನೆಗೆ ಮಾತ್ರ ಸೊನ್ನೆ. ಬಾಯಿಪಾಠ ಮಾಡಿ ಬರೆದಿದ್ದಳು. ನಡುವೆ ಒಂದು ಸಾಲು ಹಾರಿ, ಮುಂದಿನದೆಲ್ಲ ಅಡ್ಡಾದಿಡ್ಡಿಯಾಗಿತ್ತು. "ಹೇಳ್ಕೊಟ್ಯಾ ಯಾರಿಗಾದ್ರೂ?" ಅಂದರು ಶೈಲಾ ಮಿಸ್. ಅವಳು ಪೇಪರ್ ಮಡಚಿಕೊಂಡು ಇಳಿದು ಬಂದಳು.

ಮಂಜುಶ್ರೀ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕೃಪಾ ಬಾಗಿಲಿಗೊರಗಿ ನಿಂತು, ಅಮ್ಮನ ಮುಖ ನೋಡದೆ, ಪದ್ಯ ಒಪ್ಪಿಸಿದಂತೆ ಶುರುಮಾಡಿದಳು. "ಟ್ರಯಾಂಗಲ್ ಎಬಿಸಿ. ಬಿಸಿಗೆ ಪ್ಯಾರಲಲ್ಲಾಗಿ ಡಿಇ ಎಳೀಬೇಕು. ಬಿಇ ಸೇರಿಸ್ಬೇಕು, ಸಿಡಿ ಸೇರಿಸ್ಬೇಕು. ಆಗ ಟ್ರಯಾಂಗಲ್ ಬಿಡಿಇ, ಟ್ರಯಾಂಗಲ್ ಸಿಡಿಇ, ಎರಡರ ಏರಿಯಾ ಸಮ..."

"ಯಾಕೆ?" ಅಂದಳು ಮಂಜುಶ್ರೀ, ಕಾಯಿಯಿಂದ ತಲೆಯೆತ್ತದೆ.

"ಯಾಕೆ ಅಂದ್ರೆ? ಸಮ ಅಷ್ಟೇ."

"ಒಂದು ಇತ್ಲಾಗೆ ವಾಲಿರುತ್ತೆ, ಇನ್ನೊಂದು ಅತ್ಲಾಗೆ. ನೋಡೋಕೇ ಬೇರೆ ಬೇರೆ. ಸಮ ಹೆಂಗಾಗುತ್ತೆ?"

"ಅಯ್ಯೋ, ಬುಕ್ಕಲ್ಲಿ ಹಂಗೇ ಇದೆ ಅಮ್ಮ!"

"ಬುಕ್ಕಲ್ಲಿದ್ರೆ ಆಯ್ತಾ? ನಂಗೆ ಅಲ್ಲೇ ಸಿಕ್ಕಾಕ್ಕೊಂಡಿತ್ತು. ಆಮೇಲೆ ನೋಡೋಕಾಗ್ಲಿಲ್ಲ."

ಕೃಪಾಳಿಗೆ ಸಿಟ್ಟು ಬಂತು. ಅಮ್ಮನಿಗೇನು ಗೊತ್ತು ಎಂದು ಅಂದುಕೊಂಡು ಕೋಣೆಗೆ ಹೋದಳು. ಪುಸ್ತಕ ತೆರೆದಳು. ಸಮ ಎಂದಿತ್ತು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕಾರಣವೂ ಇತ್ತು. ಇಷ್ಟು ದಿನ ಅದರ ಮೇಲೆ ಕಣ್ಣು ಜಾರಿಸಿಕೊಂಡು ಹೋಗಿದ್ದಳು. ಹಾಳೆಯ ಮೇಲೆ ಚಿತ್ರ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಅವರೆಕಾಳು ಸಾರಿಗೆ ಬೀಳುವ ಹೊತ್ತಿಗೆ ಓಡಿಬಂದು, ರಂಗೋಲಿ ಡಬ್ಬಿಯಿಂದ ಒಂದು ಹಿಡಿ ಪುಡಿ ತೆಗೆದು ಅಡುಗೆಮನೆಯ ನೆಲದ ಮೇಲೆ ತ್ರಿಭುಜ ಬಿಟ್ಟಳು.

"ನೋಡು. ಎರಡಕ್ಕೂ ಬೇಸು ಒಂದೇ, ಡಿಇ. ಇದರ ತುದಿ ಬಿ, ಅದರ ತುದಿ ಸಿ. ಎರಡೂ ಈ ಗೆರೆ ಮೇಲಿದೆ. ಈ ಗೆರೆ ಡಿಇಗೆ ಪ್ಯಾರಲಲ್ಲು. ಅಂದ್ರೆ ಎರಡರ ಎತ್ತರಾನೂ ಒಂದೇ. ಬೇಸ್ ಒಂದೇ, ಎತ್ತರ ಒಂದೇ. ವಾಲಿದ್ರೇನು?"

ಮಂಜುಶ್ರೀ ಸೌಟು ಬಿಟ್ಟು ಬಗ್ಗಿ ನೋಡಿದಳು. "ಪಾದ ಒಂದೇ, ಎತ್ತರ ಒಂದೇ," ಅಂದಳು. "ಹೌದಲ್ಲೇ." ಇನ್ನೊಮ್ಮೆ ನೋಡಿ, "ಈಗ ನಾನು ಹೇಳ್ತೀನಿ, ಸರಿ ಇದ್ಯಾ ನೋಡು," ಎಂದು ಮೊದಲಿಂದ ಹೇಳಿದಳು. ನಡುವೆ ತಡವರಿಸಿದಾಗ ಕೃಪಾ ಹೇಳಿಕೊಟ್ಟಳು. ಸಾರು ಉಕ್ಕಿ ಒಲೆ ಆರಿತು.

ಹಜಾರದ ಮಂಚದಿಂದ ವೆಂಕಟಮ್ಮ ಕೂಗಿದಳು. "ಏನೇ ಅದು ಸೀದ ವಾಸ್ನೆ?"

ಇಬ್ಬರೂ ಗಾಬರಿಯಾಗಿ ಹೊರಬಂದರು. ಮುದುಕಿ ಸೊಸೆಯನ್ನೇ ನೋಡಿದಳು.

"ಆ ಗಂಟು ಅಟ್ಟದಿಂದ ಇಳಿಸ್ಕ. ನನ್ ಕಾಲ್ ಸುಟ್ಟಿದ್ದು ಅಂಬ್ಲಿ, ಪುಸ್ತಕ ಅಲ್ಲ. ನೀನು ಮೂತಿ ಇಷ್ಟುದ್ದ ಮಾಡ್ಕಂಡು ಪಟ್ಟಿ ಕಟ್ಟಿದ್ರೆ ನಂಗೆ ನೋವು ಜಾಸ್ತಿ ಆಯ್ತದೆ. ಅಂಗಂತ ಉಪ್ಪು ಎರಡು ಸಲ ಆಕ್‌ಬ್ಯಾಡ."

ಅಂದಿನಿಂದ ಮಧ್ಯಾಹ್ನ ಸ್ಕೂಲಿನಿಂದ ಬಂದ ಕೂಡಲೇ ಕೃಪಾ ಅಮ್ಮನ ಎದುರು ಕೂರುತ್ತಿದ್ದಳು. ಅಮ್ಮನ ಪ್ರಶ್ನೆಗಳು ಸಣ್ಣವು, ಆದರೆ ಬಿಡುತ್ತಿರಲಿಲ್ಲ. ಇಲ್ಲಿ ಯಾಕೆ ಮೈನಸ್ಸು? ಇದನ್ನ ಯಾಕೆ ಎರಡರಿಂದ ಭಾಗಿಸ್ತೀಯ? ಗೊತ್ತಿದೆ ಅಂದುಕೊಂಡಿದ್ದೆಷ್ಟೋ ಗೊತ್ತಿಲ್ಲವೆಂದು ಕೃಪಾಳಿಗೆ ಗೊತ್ತಾಯಿತು. ಕೆಲವು ದಿನ ಜಗಳವಾಗಿ ಇಬ್ಬರೂ ಪುಸ್ತಕ ಎಸೆದು ಏಳುತ್ತಿದ್ದರು. ಒಂದು ಸಲ ಅವಳು ಅಮ್ಮನಿಗೆ "ನಿಂಗೆ ತಲೆಗೆ ಹೋಗೋದೇ ಇಲ್ಲ" ಅಂದುಬಿಟ್ಟಳು. ಮಂಜುಶ್ರೀ ಎದ್ದುಹೋಗಿ ಬಟ್ಟೆ ಒಗೆದಳು. ಒಗೆದು ಬಂದು ಮತ್ತೆ ಕೂತಳು. "ಎಲ್ಲಿ, ಇನ್ನೊಂದ್ಸಲ ಹೇಳು."

ಶ್ರೀಧರ್ ಇದನ್ನು ಕಂಡದ್ದು ಒಂದು ಮಧ್ಯಾಹ್ನ, ಹಸಿದು ಬಂದಾಗ. ಬಿಸಿಲಿನಲ್ಲಿ ಕೆಟ್ಟುನಿಂತ ಗಾಡಿಯನ್ನು ತಳ್ಳಿಸಿ ಬಂದಿದ್ದ. ನೆಲದ ತುಂಬ ಹಾಳೆ, ನಡುವೆ ತಾಯಿ ಮಗಳು. ಅನ್ನ ಆಗಿರಲಿಲ್ಲ.

"ಮತ್ತೆ ಶುರುವಾಯ್ತಾ? ಹದಿನೈದು ದಿನ ಇಲ್ಲ ಅವಳ ಪರೀಕ್ಷೆಗೆ. ಅವಳ ಟೈಮ್ ಯಾಕೆ ತಿಂತೀಯ ನೀನು?"

"ಅಮ್ಮ ತಿಂತಿಲ್ಲಪ್ಪ," ಅಂದಳು ಕೃಪಾ. "ಅಮ್ಮಂಗೆ ಹೇಳ್ಕೊಟ್ಟಿದ್ದಕ್ಕೇ ನಂಗೆ ಬರ್ತಿರೋದು."

"ನೀನು ಸುಮ್ನಿರು. ಮನೆಗೆ ಬಂದ್ರೆ ಒಂದು ತುತ್ತು ಅನ್ನ ಇಲ್ಲ."

"ಅಕ್ಕಿ ಅಲ್ಲೇ ಇದೆ. ಕುಕ್ಕರ್ ಇಡೋಕೆ ನಿಮಗೂ ಬರುತ್ತೆ," ಅಂದಳು ಕೃಪಾ.

ಶ್ರೀಧರನ ಕೈ ಮೇಲೆ ಹೋಯಿತು. ಮಂಜುಶ್ರೀ ನಡುವೆ ಬಂದು ನಿಂತಳು. ಮಂಚದ ಮೇಲಿಂದ ವೆಂಕಟಮ್ಮ, "ಕೈ ಇಳಿಸ್ಲಾ!" ಎಂದು ಗುಡುಗಿದಳು. ಅವನು ಕೈ ಇಳಿಸಿದ. ಚಪ್ಪಲಿ ಮೆಟ್ಟಿ ಹೊರಗೆ ಹೋದ. ಆ ದಿನವೂ, ಮುಂದಿನ ಹಲವು ದಿನಗಳೂ ಅವನು ಮಧ್ಯಾಹ್ನ ಹೋಟೆಲಿನಲ್ಲೇ ಉಂಡ. ರಾತ್ರಿ ಮನೆಯಲ್ಲಿ ಉಂಡರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಸಾರು ಬೇಕಾದರೆ ತಟ್ಟೆ ಮುಂದೆ ಸರಿಸುತ್ತಿದ್ದ.

ಗಣಿತದ ದಿನ ಶ್ರೀಧರ್ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟ. "ಅಮ್ಮನ್ನ ಆಮೇಲೆ ಬಿಡ್ತೀರಾಪ್ಪ?" ಎಂದು ಕೃಪಾ ಕೇಳಿದಳು. ಅವನು ಗಾಡಿ ಶುರುಮಾಡಿದ. ಮಂಜುಶ್ರೀಯ ಕೇಂದ್ರ ಇನ್ನೊಂದು ದಿಕ್ಕಿಗಿತ್ತು. ಅವಳು ಅತ್ತೆಯ ಪಟ್ಟಿ ಬದಲಿಸಿ, ಗಂಜಿ ಕುಡಿಸಿ, ಬಸ್ಸು ಹತ್ತಿದಳು. ಕಂಪನಿಗೆ ಹೋಗುವ ಕಾರುಗಳ ನಡುವೆ ಬಸ್ಸು ಅಲ್ಲಾಡದೆ ನಿಂತಿತು. ಕೊನೆಗೆ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಶಾಲೆಯ ಗೇಟಿನಲ್ಲಿ ಪೊಲೀಸಿನವನು ತಡೆದ.

"ಪೇರೆಂಟ್ಸ್ ಎಲ್ಲ ಹೊರ್ಗಡೆ ನಿಲ್ಬೇಕಮ್ಮ."

ಅವಳು ಏದುಸಿರು ಬಿಡುತ್ತ ಹಾಲ್ ಟಿಕೆಟ್ ತೋರಿಸಿದಳು. ಅವನು ಫೋಟೋವನ್ನೂ ಅವಳನ್ನೂ ನೋಡಿ, "ಓಡಿ ಅಕ್ಕ, ಬೆಲ್ ಆಗುತ್ತೆ," ಅಂದ.

ಡೆಸ್ಕು ಚಿಕ್ಕದು, ಮೊಣಕಾಲು ತಾಕುತ್ತಿತ್ತು. ಮುಂದೆ, ಹಿಂದೆ ಕೃಪಾಳ ವಯಸ್ಸಿನ ಹುಡುಗಿಯರು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಕ್ಷರಗಳು ಈಜಾಡಿದವು. ಎದೆ ತಣ್ಣಗಾಗಲೆಂದು, ಕೈಗೆ ಚೆನ್ನಾಗಿ ಕೂತಿದ್ದ, ಗ್ರಾಫ್ ಹಾಳೆಯ ಮೇಲೆ ಎಳೆಯುವ ನಕ್ಷೆಯ ಲೆಕ್ಕವನ್ನೇ ಮೊದಲು ಹಿಡಿದಳು. ಅಲ್ಲಿಯೇ ಎಡವಿದಳು. ಗೆರೆ ಸ್ವಲ್ಪ ಓರೆಯಾಯಿತೆಂದು ಅಳಿಸಿ ಮತ್ತೆ ಎಳೆದಳು. ಚೆಂದವಾಗಿ ಬಂತು. ಪ್ರಮೇಯವನ್ನೂ ಒಂದು ಸಾಲೂ ಬಿಡದೆ ಬರೆದಳು. ತಲೆಯೆತ್ತಿ ಗಡಿಯಾರ ನೋಡಿದಾಗ ಅರ್ಧ ಪೇಪರ್ ಬಾಕಿ ಇತ್ತು. ಅಲ್ಲಿಂದ ಮುಂದೆ ಗೀಚಿದ್ದೇ ಗೀಚಿದ್ದು. ಮೇಲ್ವಿಚಾರಕಿ ಹಾಳೆ ಎಳೆದುಕೊಂಡಾಗ ಪೆನ್ನು ಇನ್ನೂ ಹಾಳೆಯ ಮೇಲೇ ಇತ್ತು.

ಮನೆಯಲ್ಲಿ ಕೃಪಾ ಬಾಗಿಲಲ್ಲೇ ಕಾಯುತ್ತಿದ್ದಳು. "ನಂಗೆ ಪರ್ವಾಗಿಲ್ಲಮ್ಮ. ನಿಂಗೆ?"

"ಎಲ್ಲಾ ಗೊತ್ತಿತ್ತು ಕಣೇ. ಟೈಮ್ ಸಾಲ್ಲಿಲ್ಲ."

ಫಲಿತಾಂಶ ಬಂದದ್ದು ಮೇ ತಿಂಗಳ ಮೊದಲಲ್ಲಿ. ಶೈಲಾ ಮಿಸ್ ಇಬ್ಬರ ನಂಬರನ್ನೂ ತಮ್ಮ ಮೊಬೈಲಿನಲ್ಲಿ ನೋಡಿ ಕೆಳಗಿಳಿದು ಬಂದರು. ಕೃಪಾಳಿಗೆ ಗಣಿತದಲ್ಲಿ ಎಂಬತ್ತಕ್ಕೆ ಐವತ್ತೆರಡು. ಶ್ರೀಧರ್ ಮಗಳ ತಲೆ ಹಿಡಿದು ಅಲ್ಲಾಡಿಸಿ, ನಕ್ಕು, ಕಣ್ಣೊರೆಸಿಕೊಂಡ. ಮರೆಪ್ಪನನ್ನು ಕಳಿಸಿ ಮೈಸೂರು ಪಾಕ್ ತರಿಸಿದ. ಬಾಡಿಗೆಮನೆಗಳಿಗೆಲ್ಲ ತಾನೇ ಹಂಚಿ ಬಂದ. ಅದೆಲ್ಲ ಆದ ಮೇಲೆ ಮಿಸ್, "ಮಂಜು, ನಿಮ್ಮದು ಐದು ಆಗಿದೆ. ಗಣಿತ ಉಳ್ಕೊಳ್ತು. ನೂರಕ್ಕೆ ಇಪ್ಪತ್ತೊಂಬತ್ತು. ಪ್ರೈವೇಟಿನವ್ರಿಗೆ ಮೂವತ್ತೈದು ಬೇಕು," ಅಂದರು.

"ಅಯ್ಯೋ," ಅಂದಳು ವೆಂಕಟಮ್ಮ.

ಮಂಜುಶ್ರೀ ಅಡುಗೆಮನೆಗೆ ಹೋದಳು. ಮಿಸ್‌ಗೆ ಕಾಫಿ ಮಾಡಿಕೊಟ್ಟಳು. ಮಗಳ ಬಾಯಿಗೆ ಮೈಸೂರು ಪಾಕ್ ಇಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಬಕೆಟ್ ತುಂಬಿ ಹರಿಯುವವರೆಗೂ ಅಲ್ಲೇ ನಿಂತಿದ್ದಳು.

ಮಧ್ಯಾಹ್ನ ಶ್ರೀಧರ್ ಎಷ್ಟೋ ದಿನದ ಮೇಲೆ ಮನೆಯಲ್ಲಿ ಊಟಕ್ಕೆ ಕೂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಐದು ಪಾಸಾಗಿದೀಯ. ದೊಡ್ಡದೇ. ಸಾಕು ಬಿಡು ಮಂಜು ಇನ್ನು," ಅಂದ.

"ಮುಂದಿನ ತಿಂಗಳು ಎರಡನೇ ಪರೀಕ್ಷೆ ಇದೆಯಂತೆ ರೀ. ಗಣಿತ ಒಂದೇ ಬರೆದ್ರಾಯ್ತು."

"ಇಷ್ಟೆಲ್ಲ ಆದ್ಮೇಲೂ?"

"ಏನೆಲ್ಲ ಆಯ್ತು? ಫೇಲಾದೆ. ಇಷ್ಟು ವರ್ಷ ಫೇಲಾಗೋಕೂ ಯಾರೂ ಬಿಟ್ಟಿರ್ಲಿಲ್ಲ."

"ಅವ್ವನ ಕಾಲು ಇನ್ನೂ ಮಾಯ್ದಿಲ್ಲ. ಹಿಂದಿನ ಬೀದಿ ಮೇಡಂ ಅಲ್ಲೀವರ್ಗೂ ಕಾಯ್ತಾರಾ?"

"ಕಾಯ್ದೇ ಇರಬಹುದು. ಅದ್ಕೆ ನಾನೇನ್ ಮಾಡ್ಲಿ?" ಮಂಜುಶ್ರೀ ಮಜ್ಜಿಗೆಯ ಚೊಂಬನ್ನು ಅವನ ಮುಂದಿಟ್ಟಳು. "ಗೊತ್ತಿದ್ದೂ ಬಿಟ್ಟು ಬಂದಿದೀನಿ ಕಣ್ರೀ. ಗೊತ್ತಿಲ್ದಿದ್ರೆ ಬೇರೆ ಮಾತು."

ಶ್ರೀಧರ್ ಅನ್ನ ಕಲಸಿದ. ಆಮೇಲೆ ತಟ್ಟೆ ನೋಡುತ್ತಲೇ 'ಸರಿ, ಬರಿ,' ಎನ್ನುವಂತೆ ಕೈಯಾಡಿಸಿ, "ಬೇಡ ಅನ್ನಲ್ಲ. ಆದ್ರೆ ನನ್ನನ್ನ ಮಾತ್ರ ಇನ್ನೇನೂ ಕೇಳ್ಬೇಡ," ಅಂದ.

"ಆಯ್ತು. ಕೇಳಲ್ಲ."

ಅವಳು ಹೇಳಿದ ರೀತಿಗೆ ಮಂಚದ ಮೇಲಿದ್ದ ವೆಂಕಟಮ್ಮ ತಲೆಯೆತ್ತಿ ಸೊಸೆಯನ್ನು ನೋಡಿದಳು. ಶ್ರೀಧರ್ ಮಜ್ಜಿಗೆ ಸುರಿದುಕೊಂಡ.

ಅವನು ಹೊರಟ ಮೇಲೆ ಕೃಪಾ ಅಮ್ಮನ ಪರೀಕ್ಷೆಯ ಪ್ರಶ್ನೆಪತ್ರಿಕೆ ತಂದು ಹಜಾರದ ನೆಲದ ಮೇಲೆ ಹಾಸಿದಳು. ತನ್ನ ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟಳು. "ನಕ್ಷೆ ಬೇಡ ಇವತ್ತು. ನೀನು ಬಿಟ್ಟು ಬಂದಿದ್ದರಿಂದ ಶುರುಮಾಡು," ಅಂದಳು.

ಮಂಜುಶ್ರೀ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಕೂತಳು. ವರ್ಗಸಮೀಕರಣ. ಸೂತ್ರ ಬರೆದಳು. ಬೆಲೆಗಳನ್ನು ಹಾಕುತ್ತ ಹೋದಳು. ಮೈನಸ್ ಏಳರ ಹಿಂದೆ ಇನ್ನೊಂದು ಮೈನಸ್ ಬರಬೇಕಿತ್ತು, ಎರಡೂ ಸೇರಿ ಪ್ಲಸ್ ಆಗಬೇಕಿತ್ತು. ಅವಳು ಬರೀ ಮೈನಸ್ ಏಳು ಎಂದು ಬರೆದು ಮುಂದಕ್ಕೆ ಹೋದಳು. ಕೃಪಾಳ ಕಣ್ಣಿಗೆ ಅದು ಬಿತ್ತು. ಬಾಯಿಯವರೆಗೆ ಬಂದ ಮಾತನ್ನು ತಡೆದು, ಎರಡು ಕೈಗಳನ್ನೂ ತೊಡೆಯಡಿ ಸಿಕ್ಕಿಸಿಕೊಂಡು ಸುಮ್ಮನೆ ಕೂತಳು.

ಮಂಜುಶ್ರೀ ಇನ್ನೆರಡು ಸಾಲು ಬರೆದಳು. ನಿಂತಳು. ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಿದಳು, ಹೊಂದಲಿಲ್ಲ. ಪೆನ್ನಿನ ತುದಿಯಿಂದ ಒಂದೊಂದೇ ಸಾಲು ಮೇಲಕ್ಕೆ ಹತ್ತುತ್ತ ಹೋಗಿ, ಏಳರ ಹತ್ತಿರ ನಿಂತಳು.

"ಇಲ್ಲಿ," ಅಂದಳು ತನಗೆ ತಾನೇ. ಅದನ್ನು ಹೊಡೆದುಹಾಕಿ, ಸರಿಯಾಗಿ ಬರೆದು, ಮಗಳ ಕಡೆ ನೋಡದೆ ಮುಂದಿನ ಸಾಲಿಗೆ ಹೋದಳು.